ಹವಾಮಾನ ನಿಧಿಯ ಹಣ ಮೂಲನಿವಾಸಿಗಳ ಕೈಗೆ ನೇರವಾಗಿ ಏಕೆ ಬರುವುದಿಲ್ಲ?

ಪ್ರಶ್ನೆ
ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದಡಿ ಅಭಿವೃದ್ಧಿಶೀಲ ದೇಶಗಳಿಗೆ ನೆರವು ನೀಡುವ ಗ್ರೀನ್ ಕ್ಲೈಮೇಟ್ ಫಂಡ್, 2018ರಲ್ಲಿ ಮೂಲನಿವಾಸಿಗಳಿಗಾಗಿ ಪ್ರತ್ಯೇಕ ನೀತಿಯನ್ನು ಅಂಗೀಕರಿಸಿತು. ಅವರ ನೆಲದಲ್ಲಿ ಕೆಲಸ ಆರಂಭಿಸುವ ಮೊದಲೇ, ಎಲ್ಲ ವಿವರಗಳನ್ನು ತಿಳಿಸಿ, ಒತ್ತಾಯವಿಲ್ಲದೆ ಒಪ್ಪಿಗೆ ಪಡೆಯಬೇಕೆಂದು ಅದು ಹೇಳುತ್ತದೆ. ಆದರೂ ಅವರು ಫಲಾನುಭವಿಗಳಾಗಿ ಕಾಣಿಸುವಷ್ಟು, ಹಣ ನಿರ್ವಹಿಸುವವರಾಗಿ ಕಾಣಿಸುವುದಿಲ್ಲ. ತೊಡಕಿರುವುದು ನೀತಿಯಲ್ಲೋ, ಹಣ ಹರಿಯುವ ದಾರಿಯಲ್ಲೋ? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1
ದಾರಿಯಲ್ಲಿ. ಈ ನಿಧಿಯ ಹಣ ನಿಧಿಯಿಂದಲೇ ಮಾನ್ಯತೆ ಪಡೆದ ಸಂಸ್ಥೆಗಳ ಮೂಲಕ ಹರಿಯುತ್ತದೆ. ಮಾನ್ಯತೆಗೆ ಲೆಕ್ಕಪರಿಶೋಧನೆ, ಖರೀದಿ ನಿಯಮ, ಪರಿಸರ ರಕ್ಷಣೆಯ ವ್ಯವಸ್ಥೆ ಇವೆಲ್ಲವೂ ಮೊದಲೇ ಇರಬೇಕು. ಅದಕ್ಕಿಂತ ಬಿಗಿಯಾದ ಗಂಟು ಇನ್ನೊಂದಿದೆ: ದೇಶದೊಳಗಿನ ಸಂಸ್ಥೆಯೊಂದು ನೇರವಾಗಿ ಮಾನ್ಯತೆ ಪಡೆಯಬೇಕಾದರೆ ಅಲ್ಲಿನ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರವು ಅದರ ಹೆಸರನ್ನು ಸೂಚಿಸಬೇಕು. ನೆಲದ ಹಕ್ಕಿಗಾಗಿ ಸರ್ಕಾರದ ವಿರುದ್ಧವೇ ನ್ಯಾಯಾಲಯದಲ್ಲಿರುವ ಸಮುದಾಯ ಹೆಸರು ಸೂಚಿಸುವ ಆ ಪತ್ರವನ್ನು ಎಲ್ಲಿಂದ ತಂದೀತು? ಈ ನಿಧಿಯ ಹೊರಗೂ ಸ್ಥಿತಿ ಹೆಚ್ಚು ಭಿನ್ನವಾಗಿಲ್ಲ. 2021ರಲ್ಲಿ ಗ್ಲಾಸ್ಗೋದ ವಿಶ್ವಸಂಸ್ಥೆ ಹವಾಮಾನ ಸಮ್ಮೇಳನದಲ್ಲಿ ಕೆಲವು ಸರ್ಕಾರಗಳು ಮತ್ತು ದತ್ತಿಸಂಸ್ಥೆಗಳು ಮೂಲನಿವಾಸಿಗಳ ಹಾಗೂ ಸ್ಥಳೀಯ ಸಮುದಾಯಗಳ ಭೂಹಕ್ಕಿಗಾಗಿ 170 ಕೋಟಿ ಡಾಲರ್ ಘೋಷಿಸಿದವು. ಆ ದಾನಿಗಳ ವರದಿಗಳ ಪ್ರಕಾರವೇ ಮೊದಲ ವರ್ಷ ವೆಚ್ಚವಾದ ಹಣದಲ್ಲಿ ಶೇ. 7ರಷ್ಟು, ಮರುವರ್ಷ ಶೇ. 2.1ರಷ್ಟು ಮಾತ್ರ ಆ ಸಮುದಾಯಗಳ ಸಂಘಟನೆಗಳಿಗೆ ನೇರವಾಗಿ ಸಂದಿತು.

ಉತ್ತರ 2
ಮೇಲಿನ ಮಾತು ಸರಿ, ಆದರೆ ನೀತಿಯನ್ನು ಅಷ್ಟು ಹಗುರವಾಗಿ ಬದಿಗಿಡಬೇಡಿ. 2015ರ ನವೆಂಬರಿನಲ್ಲಿ ನಿಧಿ ಮಂಜೂರು ಮಾಡಿದ ಮೊದಲ ಯೋಜನೆಗಳಲ್ಲಿ ಪೆರು ದೇಶದ ದಾತೆಮ್ ದೆಲ್ ಮರಾನ್ಯೋನ್ ಜೌಗು ಪ್ರದೇಶದ್ದೂ ಒಂದು. ಅದು ಅಚುವಾರ್, ಅವಾಹುನ್ ಮೊದಲಾದ ಜನರ ನೆಲ. ಅವರ ಒಪ್ಪಿಗೆಯನ್ನು ಸರಿಯಾಗಿ ಪಡೆಯದೆಯೇ ಮಂಜೂರಾತಿ ಕೊಟ್ಟರೆಂಬ ಆಕ್ಷೇಪ ಆಗಲೇ ಎದ್ದಿತ್ತು. ಇಂತಹ ಆಕ್ಷೇಪಗಳ ಒತ್ತಡವಿಲ್ಲದಿದ್ದರೆ 2018ರ ನೀತಿ ಬರುತ್ತಿರಲಿಲ್ಲವೆಂದೇ ನನ್ನ ಎಣಿಕೆ. ಆ ನೀತಿಯಿಂದ ಹುಟ್ಟಿದ ಮೂಲನಿವಾಸಿಗಳ ಸಲಹಾ ಗುಂಪಿಗೆ ಸಲಹೆ ನೀಡುವ ಅಧಿಕಾರವಷ್ಟೇ ಇದೆ. ತೀರ್ಮಾನಿಸುವ ಮಂಡಳಿಯ 24 ಸ್ಥಾನಗಳೂ ಸರ್ಕಾರಗಳವು.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಭಾರತದಲ್ಲಿ ಆ ಪ್ರಾಧಿಕಾರ ಯಾವುದು?

ಉತ್ತರ 3
ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವಾಲಯ. ಕಾಡಿನ ಹಕ್ಕಿಗಾಗಿ ಆದಿವಾಸಿಗಳು ಎದುರಿಸಬೇಕಾದ ಅರಣ್ಯ ಆಡಳಿತವೂ ಅದೇ ಸಚಿವಾಲಯದ ವ್ಯಾಪ್ತಿಗೆ ಸೇರಿದ್ದು. ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ಆದ ನಬಾರ್ಡ್ ಇದೆ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಒಣ ಋತುವಿನ ಆರಂಭದಲ್ಲಿ ತರಗೆಲೆಗೆ ಸಣ್ಣ ಬೆಂಕಿಯಿಟ್ಟು ಕಾಡನ್ನು ಕಾಯುತ್ತಿದ್ದರು. ಆ ತರಗು ಬೆಂಕಿಯನ್ನು ನಿಷೇಧಿಸಿದ ಮೇಲೆ ಲಂಟಾನ ಎಂಬ ಹೊರನಾಡಿನ ಕಳೆಪೊದೆ ಹಬ್ಬಿತೆಂದು ಅವರು ಹೇಳುತ್ತಾರೆ. 2011ರಲ್ಲಿ ಅವರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಗಳು ದೊರೆತವು. ಅರಣ್ಯ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಅರಣ್ಯ ರಕ್ಷಣೆಯ ಅಧಿಕಾರವನ್ನು ಗ್ರಾಮಸಭೆಗೂ ಕೊಡುವುದರಿಂದ, ಅಂತಹ ಪ್ರದೇಶದ ಯಾವುದೇ ಹವಾಮಾನ ಯೋಜನೆಯ ಅರ್ಜಿಯೊಂದಿಗೆ ಗ್ರಾಮಸಭೆಯ ನಿರ್ಣಯವನ್ನೂ ಲಗತ್ತಿಸಬೇಕೆಂದು ನಬಾರ್ಡ್ ಕಡ್ಡಾಯ ಮಾಡಲಿ. ಅದಕ್ಕೆ ಹೊಸ ಕಾನೂನು ಬೇಕಿಲ್ಲ.