ಮಳೆಗಾಲಕ್ಕೆ ಮನೆಯವರ ಇನ್ಸುಲಿನ್, ಬಿಪಿ, ಫಿಟ್ಸ್ ಮಾತ್ರೆ ಎಷ್ಟು ತಂದಿಟ್ಕೋಬೇಕು? ಅನುಭವ ಇರೋರು ಹೇಳಿ

ನಮ್ದು ಕೊಪ್ಪ ಹತ್ರ ಹಳ್ಳಿ. ಮಾವನಿಗೆ ಶುಗರ್, ಎರಡು ಹೊತ್ತೂ ಇನ್ಸುಲಿನ್. ಅತ್ತೆಗೆ ಬಿಪಿ, ಥೈರಾಯ್ಡ್. ನಾದಿನಿಗೆ ಫಿಟ್ಸ್ ಮಾತ್ರೆ. ಜೂನ್ ಬಂತಂದ್ರೆ ಮರ ಬಿದ್ದು ಕರೆಂಟ್ ಹೋಗ್ತದೆ, ಬಸ್ಸು ಬಂದ್ರೆ ಬಂತು ಇಲ್ಲಾಂದ್ರೆ ಇಲ್ಲ. ಆರು ತಿಂಗಳದ್ದು ಒಟ್ಟಿಗೆ ತಂದು ಹಾಕ್ಬಿಡಿ ಅಂತ ಮನೇಲಿ ಹೇಳ್ತಿದಾರೆ. ನೀವೆಲ್ಲ ಹೇಗೆ ಮಾಡ್ತೀರಿ?

ಶೃಂಗೇರಿ ಕಡೆಯಿಂದ

ಆರು ತಿಂಗಳದ್ದು ಬೇಡ. ನಮ್ಮಮ್ಮನ ಇನ್ಸುಲಿನ್, ಅಪ್ಪನ ಬಿಪಿ ಮಾತ್ರೆ ಎಲ್ಲ ನಾನೇ ನೋಡ್ಕೊಳ್ಳೋದು, ಅದರ ಮೇಲೆ ಹೇಳ್ತಿದೀನಿ. ಡಾಕ್ಟ್ರು ಮಧ್ಯದಲ್ಲಿ ಡೋಸ್ ಬದಲಾಯಿಸಿದ್ರೆ ತಂದಿಟ್ಟ ರಾಶಿ ಪೂರಾ ದಂಡ, ದುಡ್ಡು ಹೋದ್ರೆ ಹೋಗ್ಲಿ ಅಂದ್ರೂ ಹಳೇ ಡೋಸಿನ ಸ್ಟ್ರಿಪ್ಪು ಹೊಸದರ ಜೊತೆ ಒಂದೇ ಡಬ್ಬದಲ್ಲಿ ಸೇರ್ಕೊಂಡು ವಯಸ್ಸಾದೋರು ಕೈಗೆ ಸಿಕ್ಕಿದ್ದನ್ನ ನುಂಗಿಬಿಡ್ತಾರೆ, ಥೈರಾಯ್ಡ್ ಮಾತ್ರೇಲಂತೂ 25, 50, 75 ಎಲ್ಲ ನೋಡೋಕೆ ಹೆಚ್ಚುಕಮ್ಮಿ ಒಂದೇ ಥರ ಇರ್ತವೆ. ನಮ್ದು ಗ್ಯಾಸ್ ಸಿಲಿಂಡರ್ ಲೆಕ್ಕ. ಒಂದು ಉರೀತಿರ್ಬೇಕು, ಇನ್ನೊಂದು ತುಂಬಿ ಕೂತಿರ್ಬೇಕು. ಅಂದ್ರೆ ಈಗ ತಗೊಳ್ತಿರೋ ತಿಂಗಳದ್ದು ಬಿಟ್ಟು ಮುಂದಿನ ಒಂದು ತಿಂಗಳದ್ದು ಯಾವಾಗ್ಲೂ ಮನೇಲಿ. ಮಳೆಗಾಲಕ್ಕೆ ಮಾತ್ರ ಮೇ ಕೊನೇಲಿ ಡಾಕ್ಟ್ರಿಗೆ ಹೇಳಿ ಎರಡು ತಿಂಗಳದ್ದು ಬರೆಸ್ಕೊಳ್ತೇವೆ. ಹೊಸ ಪೊಟ್ಣ ಹಿಂದೆ, ಹಳೇದು ಮುಂದೆ, ಎಕ್ಸ್‌ಪೈರಿ ಬೇಗ ಇರೋದು ಮೊದಲು ಖರ್ಚು.

ಇನ್ನು ಇನ್ಸುಲಿನ್. ಎಲ್ರೂ ಹೆದರೋದು ಕರೆಂಟಿಗೆ, ಆದ್ರೆ ನಮ್ಮ ಮಳೆಗಾಲದ ಚಳೀಲಿ ಅದಕ್ಕೆ ಅಷ್ಟು ಹೆದರ್ಬೇಕಾಗಿಲ್ಲ. ಒಡೆಯದ ಬಾಟ್ಲಿ ಫ್ರಿಜ್ಜಲ್ಲಿ 2ರಿಂದ 8 ಡಿಗ್ರಿ ಒಳಗೆ ಇರ್ಬೇಕು, ಅದು ಸರಿ. ಬಳಕೆಗೆ ತೆಗೆದ ಬಾಟ್ಲಿ ಹೊರಗಡೆ 25 ಡಿಗ್ರಿ ಆಸುಪಾಸಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಇರ್ತದೆ, ನಿಮ್ಮದಕ್ಕೆ ಎಷ್ಟು ದಿನ ಅಂತ ಒಳಗಿನ ಚೀಟೀಲಿ ಬರ್ದಿರ್ತಾರೆ, ನೋಡ್ಕೊಳ್ಳಿ. ಕರೆಂಟ್ ಹೋಗಿ ಫ್ರಿಜ್ ತಣ್ಣಗೆ ಇಲ್ಲ ಅಂತಾದ್ರೆ ಆ ದಿನದ ತಾರೀಕು ಒಡೆಯದ ಬಾಟ್ಲಿ ಮೇಲೆ ಬರೆದು ಅಲ್ಲಿಂದ ನಾಲ್ಕು ವಾರ ಅಂತ ಲೆಕ್ಕ ಹಿಡೀರಿ, ಎಸೀಬೇಡಿ. ಎಸೀಬೇಕಾಗಿದ್ದು ಹೆಪ್ಪುಗಟ್ಟಿದ್ದು. ಫ್ರೀಜರ್ ಪಕ್ಕ ಇಟ್ಟು ಗಟ್ಟಿಯಾದ ಇನ್ಸುಲಿನ್ ಮತ್ತೆ ನೀರಾದ್ರೂ ಕೆಲಸ ಮಾಡಲ್ಲ. ಬಾಗಿಲಲ್ಲೋ ಕೆಳಗಿನ ತರಕಾರಿ ಟ್ರೇನಲ್ಲೋ ಇಡಿ.

ನಮ್ಮ ಕಡೆ ನಿಜವಾಗಿ ಹಾಳು ಮಾಡೋದು ಗಾಳೀಲಿರೋ ನೀರಿನ ಪಸೆ. ಜುಲೈಲಿ ಬಟ್ಟೆ ಒಣಗಲ್ಲ, ಚಪ್ಪಲಿಗೆ ಬೂಷ್ಟು ಬರ್ತದೆ, ಮಾತ್ರೆ ಮಾತ್ರ ಸರಿ ಇರ್ತದಾ? ಟೆಲ್ಮಿಸಾರ್ಟನ್ ಅಂತ ಬಿಪಿ ಮಾತ್ರೆ, ಫಿಟ್ಸಿಗೆ ಕೊಡೋ ವಾಲ್ಪ್ರೋಯೇಟ್, ಇವೆರಡೂ ನೀರಿನ ಪಸೆ ಎಳ್ಕೊಳ್ಳೋ ಜಾತಿ. ವಾರದ ಡಬ್ಬೀಲಿ ಬಿಡಿಸಿ ತುಂಬಿಡ್ಬೇಡಿ, ತಗೊಳ್ಳೋ ಹೊತ್ತಿಗೇ ಸ್ಟ್ರಿಪ್ಪಿಂದ ಒಡೀರಿ. ಅತ್ತೆಯವರ ಥೈರಾಯ್ಡ್ ಡಬ್ಬಿ ಮುಚ್ಚಳ ಬಿಗಿಯಾಗಿರ್ಲಿ. ಅಟ್ಟದ ಮೇಲೆ, ಒಲೆ ಹತ್ರ, ಬಚ್ಚಲ ಗೋಡೆ ಶೆಲ್ಫಲ್ಲಿ ಇಡೋದು ಬೇಡವೇ ಬೇಡ. ನಾವು ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿಟ್ಟು ಬೆಡ್‌ರೂಮ್ ಬೀರುವಲ್ಲಿ ಇಡ್ತೇವೆ. ಶುಗರ್ ನೋಡೋ ಸ್ಟ್ರಿಪ್ ಕೂಡ ಅಷ್ಟೇ, ಮುಚ್ಚಳ ತೆಗೆದಿಟ್ರೆ ಪಸೆ ಹಿಡಿದು ರೀಡಿಂಗೇ ತಪ್ಪು ತೋರಿಸ್ತದೆ, ಅದನ್ನ ನಂಬ್ಕೊಂಡು ಇನ್ಸುಲಿನ್ ಹೆಚ್ಚುಕಮ್ಮಿ ಮಾಡಿದ್ರೆ ಗತಿ ಏನು.

ಕಲಬುರಗಿಯಿಂದ

ಮ್ಯಾಲೆ ಹೇಳಿದ್ದು ಮಲೆನಾಡಿಗೆ ಖರೆ ಅದ, ನಮ್ಮ ಕಡಿ ಓದೋರು ಹಂಗೇ ಮಾಡಬ್ಯಾಡ್ರಿ. ಇಲ್ಲಿ ಏಪ್ರಿಲ್, ಮೇ ಒಳಗ 42 ಡಿಗ್ರಿ ಮ್ಯಾಲೆ ಹೋಗ್ತದ, ಹೊರಗಿಟ್ಟ ಇನ್ಸುಲಿನ್ ನಾಕು ವಾರ ಏನ್ ಬಾಳಂಗಿಲ್ಲ. ಕರೆಂಟ್ ಹೋದಾಗ ನಮ್ಮನ್ಯಾಗ ದೊಡ್ಡ ಮಣ್ಣಿನ ಮಡಿಕಿ ಒಳಗ ಸಣ್ಣ ಮಡಿಕಿ ಇಟ್ಟು, ನಡುವ ಉಸುಕು ತುಂಬಿ ಉಸುಕಿಗೆ ನೀರು ಹಾಕ್ತೀವಿ, ಒಳಗಿನ ಮಡಿಕಿಯಾಗ ಪ್ಲಾಸ್ಟಿಕ್ ಚೀಲದಾಗ ಸುತ್ತಿ ಇನ್ಸುಲಿನ್, ಮ್ಯಾಲೆ ಹಸಿ ಅರಿವಿ. ಗಾಳಿ ಆಡೋ ನೆರಳಾಗ ಇಡ್ಬೇಕು. ಫ್ರಿಜ್ಜಿನಷ್ಟು ತಂಪು ಆಗಂಗಿಲ್ಲ ಖರೆ, ಆದ್ರ ಹೊರಗಿನ ಸೆಕಿಗಿಂತ ಭಾಳ ಕಡಿಮಿ ಇರ್ತದ. ಗಾಡಿಯೊಳಗಂತೂ ಇಟ್ಟು ಹೋಗ್ಲೇಬ್ಯಾಡ್ರಿ.

ಶಿವಮೊಗ್ಗದಲ್ಲಿ ಮೆಡಿಕಲ್ ಶಾಪ್ ಇಟ್ಟಿರೋರು

ಕೌಂಟರ್ ಆಚೆ ನಿಂತು ಹೇಳ್ತಿದೀನಿ. ಡಾಕ್ಟ್ರ ಹತ್ರ ಚೀಟೀಲಿ "2 ತಿಂಗಳಿಗೆ" ಅಂತ ಬರೆಸ್ಕೊಂಡು ಬನ್ನಿ, ಕಂಪನಿ ಹೆಸರಿನ ಜೊತೆ ಔಷಧಿ ಹೆಸರೂ ಬರೆಸಿ, ಆ ಕಂಪನೀದು ಸಿಗ್ದೇ ಇದ್ರೆ ಬೇರೆ ಕಂಪನೀದೋ ಜನೌಷಧಿ ಕೇಂದ್ರದ್ದೋ ಕೊಡೋಕೆ ಆಗತ್ತೆ. ಆದ್ರೆ ನಾದಿನಿಯವರ ಫಿಟ್ಸ್ ಮಾತ್ರೆ ವಿಷ್ಯದಲ್ಲಿ ಡಾಕ್ಟ್ರನ್ನ ಕೇಳ್ದೆ ಕಂಪನಿ ಬದಲಾಯಿಸ್ಬೇಡಿ, ಅದರಲ್ಲಿ ಸ್ವಲ್ಪ ವ್ಯತ್ಯಾಸ ಆದ್ರೂ ಕೆಲವರಿಗೆ ಫಿಟ್ಸ್ ಬಂದ್ಬಿಡತ್ತೆ. ದಿಢೀರ್ ನಿಲ್ಸೋದು ಇನ್ನೂ ಅಪಾಯ. ಹಾಗಾಗಿ ಮೂರು ಜನರದ್ರಲ್ಲಿ ದುಡ್ಡು ಮೊದಲು ಹಾಕೋದಾದ್ರೆ ಇನ್ಸುಲಿನ್‌ಗೆ, ಫಿಟ್ಸ್ ಮಾತ್ರೆಗೆ ಹಾಕಿ. ಆತಂಕಕ್ಕೆ ಕೊಡೋ ಆಲ್ಪ್ರಜೋಲಮ್ ಥರದ ಮಾತ್ರೆ ಎಚ್1 ಅನ್ನೋ ಸರ್ಕಾರದ ಬಿಗಿ ನಿಯಮದ ಔಷಧಿ ಪಟ್ಟೀಲಿ ಇರೋದ್ರಿಂದ ಅದಕ್ಕೆ ನಾವು ಬೇರೆ ರಿಜಿಸ್ಟರ್ ಇಟ್ಟು ಚೀಟಿ ನೋಡ್ಕೊಂಡೇ ಕೊಡ್ಬೇಕು, ಹೆಚ್ಚು ಕೊಡಿ ಅಂತ ಅಂಗಡಿಯವರ ಮೇಲೆ ರೇಗಬೇಡಿ.

ಕತ್ತರಿಸಿದ ಸ್ಟ್ರಿಪ್ ಬೇಡ, ಪೂರ್ತಿ ಕೇಳಿ ತಗೊಳ್ಳಿ, ಎಕ್ಸ್‌ಪೈರಿ ಒಂದು ಮೂಲೇಲಿ ಇರತ್ತೆ, ಅದೇ ಕತ್ತರಿಸಿ ಹೋಗಿದ್ರೆ ಆರು ತಿಂಗಳಾದ್ಮೇಲೆ ಯಾರಿಗೂ ಗೊತ್ತಾಗಲ್ಲ.

ಇನ್ನೊಂದು, ಇದನ್ನ ದಯವಿಟ್ಟು ಗಮನ ಇಟ್ಟು ಓದಿ. ಇನ್ಸುಲಿನ್ ಬಾಟ್ಲಿ 40 ಅಂತ ಬರುತ್ತೆ, 100 ಅಂತಾನೂ ಬರುತ್ತೆ, ಅಂದ್ರೆ ಒಂದು ಎಂಎಲ್‌ನಲ್ಲಿ ಅಷ್ಟು ಯೂನಿಟ್. 40ಕ್ಕೆ ಕೆಂಪು ಕ್ಯಾಪಿನ ಸಿರಿಂಜ್, 100ಕ್ಕೆ ಆರೆಂಜ್ ಕ್ಯಾಪ್. ಬೆಂಗಳೂರಲ್ಲಿರೋ ಮಗ ಊರಿಗೆ ಬರೋವಾಗ ಒಂದಷ್ಟು ಬಾಟ್ಲಿ ತರ್ತಾನೆ, ಮನೇಲಿ ಸಿರಿಂಜ್ ಹಳೇದೇ ಇರತ್ತೆ. 100ರ ಬಾಟ್ಲೀನ 40ರ ಸಿರಿಂಜಲ್ಲಿ ಎಳೆದ್ರೆ ಎರಡೂವರೆ ಪಟ್ಟು ಇನ್ಸುಲಿನ್ ಹೋಗತ್ತೆ. ಬಾಟ್ಲಿ, ಸಿರಿಂಜ್ ಎರಡೂ ಒಂದೇ ಸಲ, ಒಂದೇ ಕಡೆ ತಗೊಳ್ಳಿ.

ಬೆಂಗಳೂರಿಂದ

ನನಗೆ ಲೂಪಸ್ (ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೇ ತಿರುಗಿ ಬೀಳೋ ಕಾಯಿಲೆ) ಇದೆ, ದಿನಾ ಹೈಡ್ರಾಕ್ಸಿಕ್ಲೋರೋಕ್ವಿನ್ ಬೇಕು. 2020 ಮಾರ್ಚಲ್ಲಿ ಕೊರೋನಾಗೆ ಇದು ಒಳ್ಳೇದಂತೆ ಅಂತ ಸುದ್ದಿ ಹಬ್ಬಿ, ಯಾವ ಕಾಯಿಲೆನೂ ಇಲ್ದೋರೆಲ್ಲ ಸ್ಟ್ರಿಪ್‌ಗಟ್ಲೆ ಒಯ್ದು ನಮ್ಮಂಥೋರು ಅಂಗಡಿ ಅಂಗಡಿ ಅಲೀಬೇಕಾಯ್ತು, ಮಾರ್ಚ್ 26ಕ್ಕೆ ಸರ್ಕಾರ ಅದನ್ನ ಎಚ್1 ನಿಯಮದಡಿ ತಂದು ಚೀಟಿ ಇಲ್ದೆ ಕೊಡ್ಬಾರ್ದು ಅಂತ ಮಾಡ್ತು. ಒಂದು ತಿಂಗಳದ್ದು ಮುಂದಕ್ಕೆ ಇತ್ತು ಅನ್ನೋದೊಂದೇ ಆಗ ನನ್ನನ್ನ ಕಾಪಾಡಿದ್ದು. ಅದಕ್ಕೇ ಹೇಳ್ತೀನಿ, ಕಾಯಿಲೆ ಇರೋರು ಸ್ವಲ್ಪ ಮುಂಚೆ ತಗೊಂಡಿಡೋದು ತಪ್ಪೇ ಅಲ್ಲ. ಆದ್ರೆ ಕೊಪ್ಪದಂಥ ಊರಲ್ಲಿ ಇರೋದೇ ಕೆಲವು ಅಂಗಡಿ, ನೀವು ಒಬ್ರೇ ಆರು ತಿಂಗಳ ಇನ್ಸುಲಿನ್ ಎತ್ಕೊಂಡ್ರೆ ಪಕ್ಕದ ಮನೆ ಅಜ್ಜನಿಗೆ ಆ ವಾರ ಸಿಗಲ್ಲ. ಅಂಗಡಿಯವರಿಗೆ ಮೊದಲೇ ಹೇಳಿಟ್ರೆ ನಿಮಗೆ ಅಂತಾನೇ ತರಿಸ್ತಾರೆ.

ಮಡಿಕೇರಿಯಿಂದ

2018ರ ಆಗಸ್ಟಲ್ಲಿ ಜೋಡುಪಾಲದ ಹತ್ರ ಗುಡ್ಡ ಜಾರಿ ರಸ್ತೆ ಹೋದಾಗ ನಮ್ಮ ನೆಂಟರು ಉಟ್ಟ ಬಟ್ಟೇಲಿ ಹೊರಟು ಬಂದ್ರು. ಮನೇಲಿ ಎಷ್ಟು ಸ್ಟಾಕ್ ಇದ್ರೇನು, ಅದು ಮನೇಲೇ ಉಳೀತು. ಅದಾದ ಮೇಲೆ ನಾವೆಲ್ಲ ಒಂದು ವಾರದ್ದು ಬೇರೆ ಸಣ್ಣ ಬ್ಯಾಗಲ್ಲಿ ಬಾಗಿಲ ಹತ್ರ ತೂಗು ಹಾಕಿರ್ತೇವೆ. ಇನ್ಸುಲಿನ್ ಮಾತ್ರ ಫ್ರಿಜ್ಜಲ್ಲೇ, ಹೊರಡುವಾಗ ಮರೀಬಾರ್ದು ಅಂತ ಬ್ಯಾಗಿಗೆ ಚೀಟಿ ಅಂಟಿಸಿದೆ. ಜೊತೆಗೆ ಡಾಕ್ಟ್ರ ಚೀಟಿಯ ಜೆರಾಕ್ಸ್, ಯಾರಿಗೆ ಯಾವ ಮಾತ್ರೆ ಎಷ್ಟು ಹೊತ್ತಿಗೆ ಅಂತ ದೊಡ್ಡಕ್ಷರದಲ್ಲಿ ಕನ್ನಡದಲ್ಲಿ ಬರೆದ ಹಾಳೆ, ಎರಡೂ ಪ್ಲಾಸ್ಟಿಕ್ ಕವರಲ್ಲಿ. ಫೋನಲ್ಲಿ ಫೋಟೋ ಇದೆ ಅಂತ ಸುಮ್ನಿರ್ಬೇಡಿ, ಕರೆಂಟ್ ಇಲ್ದಾಗ ಮೊದಲು ಸಾಯೋದು ಫೋನೇ.