ಎಂ.ಜಿ. ರಸ್ತೆಯ ಹಳೇ ಕಾಫಿ ಹೌಸ್ ಫೋಟೊ ಯಾರ ಹತ್ರ ಇದೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮಪ್ಪನಿಗೆ ಎಪ್ಪತ್ತು ತುಂಬುತ್ತೆ. ಅವರ ಹಳೇ ಬೆಂಗಳೂರಿನದೊಂದು ಆಲ್ಬಮ್ ಮಾಡಿಕೊಡಬೇಕು ಅಂತ ಆಸೆ. ಮನೆಯಲ್ಲಿದ್ದ ಫೋಟೊಗಳೆಲ್ಲ ಅಟ್ಟದ ಮೇಲೆ ಮಳೆನೀರು ಸೋರಿ ಒಂದಕ್ಕೊಂದು ಅಂಟಿಹೋಗಿವೆ. ತಪ್ಪು ನಂದೇ, ಹೆಂಚು ಸರಿ ಮಾಡಿಸಿರಲಿಲ್ಲ.

ನನಗೆ ಮುಖ್ಯವಾಗಿ ಬೇಕಿರೋದು ಎಂ.ಜಿ. ರಸ್ತೆಯಲ್ಲಿದ್ದ ಇಂಡಿಯಾ ಕಾಫಿ ಹೌಸ್‌ನ ಒಳಗಿನ ಚಿತ್ರ. 2009ರಲ್ಲಿ ಅಲ್ಲಿಂದ ಎದ್ದು ಚರ್ಚ್ ಸ್ಟ್ರೀಟ್‌ಗೆ ಹೋಯಿತಲ್ಲ, ಅದಕ್ಕೂ ಮೊದಲಿನದು. ಹೊಸ ಜಾಗದ್ದು ಬೇಡ. ಅಲ್ಲೂ ಕಾಫಿ ಚೆನ್ನಾಗಿದೆ, ಆದರೆ ಅಪ್ಪ ಒಮ್ಮೆ ಹೋಗಿ ಕೂತು, ಅರ್ಧ ಲೋಟ ಬಿಟ್ಟು ಎದ್ದು ಬಂದರು.

ಸಂಬಳದ ಮಾರನೇ ದಿನ ನನ್ನನ್ನು ಅಲ್ಲಿಗೆ ಕರ್ಕೊಂಡು ಹೋಗ್ತಿದ್ದರು. ಅಲ್ಲಿನ ಮಾಣಿಗಳಿಗೆ ಬಿಳಿ ಸಮವಸ್ತ್ರ, ತಲೆ ಮೇಲೆ ಬೀಸಣಿಗೆಯಂಥ ಪೇಟ. ಆ ಪೇಟ ನೋಡಿ ನಾನು ಅವರನ್ನು ಮೈಸೂರು ಅರಮನೆಯವರು ಅಂದುಕೊಂಡಿದ್ದೆ! ಅಪ್ಪ ಕಿಟಕಿ ಪಕ್ಕದ ಮೇಜೇ ಬೇಕು ಅಂತ ಕಾಯೋರು. ಒಂದು ಕಾಫಿಗೆ ಒಂದೂವರೆ ಗಂಟೆ. ಯಾರೂ ಏಳಿ ಅನ್ನುತ್ತಿರಲಿಲ್ಲ.

ಆ ಪೇಟದವರು, ಮೇಜು, ಗೋಡೆ, ಬಿಲ್ಲಿನ ಚೀಟಿ, ಏನಿದ್ದರೂ ಸರಿ. ಮಸುಕಾಗಿದ್ದರೂ ಪರವಾಗಿಲ್ಲ. ಹಾಗೇ ಮಲ್ಲೇಶ್ವರದ ನ್ಯೂ ಕೃಷ್ಣ ಭವನದ್ದು ಇದ್ದರೆ ಅದೂ ಕಳಿಸಿ. 2023ರ ಡಿಸೆಂಬರ್‌ನಲ್ಲಿ ಅದು ಮುಚ್ಚಿದ ಮೇಲೆ ಅಮ್ಮ ಬಟನ್ ಇಡ್ಲಿ ನೆನೆಸಿಕೊಳ್ಳದ ಭಾನುವಾರವೇ ಇಲ್ಲ.

ಇಲ್ಲೇ ಕಾಮೆಂಟ್‌ನಲ್ಲಿ ಹಾಕಿ, ಇಲ್ಲಾ ಮೆಸೇಜ್ ಮಾಡಿ. ಪ್ರಿಂಟ್ ಮಾತ್ರ ಇದ್ದರೆ ಬೆಂಗಳೂರಲ್ಲಿ ಎಲ್ಲಿದ್ದರೂ ನಾನೇ ಬಂದು ಸ್ಕ್ಯಾನ್ ಮಾಡಿಕೊಂಡು, ಅಲ್ಲೇ ವಾಪಸ್ ಕೊಟ್ಟು ಹೋಗ್ತೀನಿ. ಅಪ್ಪ ಈ ಗ್ರೂಪಲ್ಲಿಲ್ಲ, ಆದರೆ ಚಿಕ್ಕಪ್ಪ ಇದ್ದಾರೆ. ಚಿಕ್ಕಪ್ಪ, ದಯವಿಟ್ಟು ಬಾಯಿ ಬಿಡಬೇಡಿ.