2050ರ ಕರಾವಳಿಯ ಬಗ್ಗೆ ಚರ್ಚೆ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಹೊಳೆಬದಿ, ಉಡುಪಿ

ನಮ್ಮ ಊರಿನ ಯುವಕ ಮಂಡಲದಲ್ಲಿ ಮಳೆಗಾಲದ ಭಾನುವಾರಗಳಂದು ಚರ್ಚಾಕೂಟ ನಡೆಯುತ್ತದೆ. ಈ ಬಾರಿ 2050ರ ಹೊತ್ತಿಗೆ ನಮ್ಮ ನೀರು, ನೆಲ, ಕಡಲು ಮತ್ತು ಜನಜೀವನ ಹೇಗಿರಬಹುದು ಎಂಬ ವಿಷಯವನ್ನು ಆರಿಸಿಕೊಂಡಿದ್ದೇವೆ. ಇಂಥ ಮಾತು ಎದ್ದಾಗಲೆಲ್ಲ ಅರ್ಧದಷ್ಟು ಮಂದಿ ಎಲ್ಲವೂ ಮುಗಿದೇ ಹೋಯಿತೆನ್ನುತ್ತಾರೆ. ಉಳಿದವರು ಅಷ್ಟರೊಳಗೆ ಕಡಲ ನೀರನ್ನು ಸಿಹಿ ಮಾಡುವ ಯಂತ್ರ ಮನೆಮನೆಗೆ ಬಂದಿರುತ್ತದೆಂದು ಹೇಳಿ ಎದ್ದುಹೋಗುತ್ತಾರೆ. ಕ್ಲಬ್ ಆಫ್ ರೋಮ್ 1972ರಲ್ಲಿ ಹೊರತಂದ ಬೆಳವಣಿಗೆಯ ಮಿತಿಗಳ ವರದಿಯ ಬಗ್ಗೆ ಸ್ವಲ್ಪ ಓದಿಕೊಂಡಿದ್ದೇನೆ. ಜಗತ್ತಿನ ಮಟ್ಟದ ಆ ಲೆಕ್ಕವನ್ನು ಒಂದು ಗ್ರಾಮದ ಚರ್ಚೆಗೆ ಇಳಿಸುವುದು ಹೇಗೆಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಪಣಂಬೂರಿನವ, ಮಂಗಳೂರು

ಆ ವರದಿಯನ್ನು ಭವಿಷ್ಯವಾಣಿಯೆಂದು ತಿಳಿದವರೇ ಹೆಚ್ಚು. ಅದನ್ನು ಸಿದ್ಧಪಡಿಸಿದ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ತಂಡ ಮಾಡಿದ್ದು ಬೇರೆ. ಜನಸಂಖ್ಯೆ, ಆಹಾರ, ಕೈಗಾರಿಕಾ ಉತ್ಪಾದನೆ, ಮರಳಿ ತುಂಬದ ಸಂಪನ್ಮೂಲ ಮತ್ತು ಮಾಲಿನ್ಯ ಎಂಬ ಐದು ಸಂಗತಿಗಳು ಒಂದರ ಮೇಲೊಂದು ಹೇಗೆ ಪರಿಣಾಮ ಬೀರುತ್ತವೆಂದು ಅದು 2100ರವರೆಗೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಹೀಗೆ ನಡೆದರೆ ಹೀಗಾದೀತು ಎಂಬ ಹಲವು ದಾರಿಗಳನ್ನು ಮುಂದಿಟ್ಟಿತು. ಅವುಗಳಲ್ಲಿ ಕುಸಿತವೂ ಇತ್ತು, ಸ್ಥಿರತೆಯೂ ಇತ್ತು. ಆದರೆ ಇಡೀ ಜಗತ್ತನ್ನು ಒಂದೇ ಘಟಕವೆಂದು ಹಿಡಿದದ್ದರಿಂದ, ಯಾರ ಪಾಲಿಗೆ ಎಷ್ಟು ಎಂಬ ಪ್ರಶ್ನೆಗೆ ಆ ಮಾದರಿಯಲ್ಲಿ ಜಾಗವಿಲ್ಲ.

ನಿಮ್ಮ ಕೂಟಕ್ಕೆ ಕುದುರೆಮುಖದ ಕಬ್ಬಿಣದ ಅದಿರಿನ ಗಣಿಯ ಉದಾಹರಣೆ ಸಾಕು. ಇರಾನಿಗೆ ಅದಿರು ಕಳುಹಿಸುವ ಒಪ್ಪಂದವನ್ನು ನಂಬಿ 1976ರಲ್ಲಿ ಕಂಪನಿ ಹುಟ್ಟಿತು. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಕೊಳ್ಳುವವರೇ ಇಲ್ಲವಾದರು. ಬೇರೆ ಗಿರಾಕಿಗಳನ್ನು ಹುಡುಕಿಕೊಂಡ ಕಂಪನಿ, ಘಟ್ಟದ ಮೇಲಿನ ಅದಿರನ್ನು ನೀರಿನಲ್ಲಿ ಕಲಸಿ ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿನ ಬಂದರಿರುವ ಪಣಂಬೂರಿಗೆ ಇಳಿಸುತ್ತಾ ಬಂತು. 2002ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಾಗ ಗುಡ್ಡದಲ್ಲಿ ಅದಿರು ಇನ್ನೂ ಇತ್ತು. ನೆಲದಡಿಯಲ್ಲಿ ಎಷ್ಟು ಉಳಿದಿದೆ ಎಂಬ ಲೆಕ್ಕವೊಂದನ್ನೇ ಹಿಡಿದು ಕುಳಿತವರಿಗೆ ಈ ಎರಡು ತಿರುವುಗಳಲ್ಲಿ ಒಂದೂ ಕಾಣುತ್ತಿರಲಿಲ್ಲ. ಆದ್ದರಿಂದ ಯಾವುದಾದರೊಂದು ಸಂಪನ್ಮೂಲವನ್ನು ಆರಿಸಿ, ಅದನ್ನು ಬಳಸಲು ಒಪ್ಪಿಗೆ ಕೊಡುವವರು ಯಾರು, ಬೇಡವೆನ್ನಬಲ್ಲವರು ಯಾರು ಎಂಬಲ್ಲಿಂದ ಆರಂಭಿಸಿ.

ಉತ್ತರ: ಬೈಲುಗದ್ದೆ, ಬ್ರಹ್ಮಾವರ

ನೀರನ್ನೇ ಆರಿಸಿ ಎಂಬುದು ನನ್ನ ಸಲಹೆ, ಏಕೆಂದರೆ ಅದರ ಲೆಕ್ಕವನ್ನು ಯಾರೂ ಕುಳಿತಲ್ಲೇ ಮಾಡಬಹುದು. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. 100 ಚದರ ಮೀಟರ್ ಮಾಡಿನ (ಛಾವಣಿಯ) ಮೇಲೆ ಬೀಳುವ ನೀರು 4 ಲಕ್ಷ ಲೀಟರ್. ತಲೆಗೆ ದಿನಕ್ಕೆ 135 ಲೀಟರಿನಂತೆ ಐದು ಜನರ ಮನೆಗೆ ವರ್ಷಕ್ಕೆ ಬೇಕಾದದ್ದು ಎರಡೂವರೆ ಲಕ್ಷ ಲೀಟರಿಗೂ ಕಡಿಮೆ. ಇಷ್ಟಿದ್ದೂ 2019ರ ಮೇ ತಿಂಗಳಲ್ಲಿ ತುಂಬೆ ಅಣೆಕಟ್ಟಿನಲ್ಲೂ ಬಜೆ ಅಣೆಕಟ್ಟಿನಲ್ಲೂ ನೀರು ತಳ ಕಂಡು, ಮಂಗಳೂರು ಮತ್ತು ಉಡುಪಿ ನಗರಗಳೆರಡೂ ಸರದಿಯ ಮೇಲೆ ನಳ್ಳಿನೀರು ಪಡೆಯಬೇಕಾಯಿತು. ಡಿಸೆಂಬರಿನಿಂದ ಮೇ ಕೊನೆಯವರೆಗೆ ಆ ಒಂದು ಮನೆಗೆ ಬೇಕಾದ ಸುಮಾರು 1 ಲಕ್ಷ 20 ಸಾವಿರ ಲೀಟರನ್ನು ತುಂಬಿಸಿಡುವ ಟ್ಯಾಂಕಿಗೆ ಅಂಗಳದಲ್ಲಿ ಜಾಗ ಯಾರಿಗಿದೆ? ನೆಲವೇ ಟ್ಯಾಂಕಾಗಬೇಕು. ಆದರೆ ನಮ್ಮ ಮುರಕಲ್ಲು ನೀರನ್ನು ಎಷ್ಟು ಬೇಗ ಕುಡಿಯುತ್ತದೋ ಅಷ್ಟೇ ಬೇಗ ತೋಡಿಗೆ (ಹಳ್ಳಕ್ಕೆ) ಬಿಟ್ಟುಬಿಡುತ್ತದೆ.

ಈ ಓಟವನ್ನು ತಡೆಯುತ್ತಿದ್ದದ್ದು ಬೈಲಿನ, ಅಂದರೆ ತಗ್ಗಿನ ಗದ್ದೆಗಳ, ಬೇಸಾಯ. ಮಳೆಗಾಲದ ಏಣೆಲು ಬೆಳೆಗೆ ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲುತ್ತಿತ್ತು. ಸುಗ್ಗಿ ಮತ್ತು ಕೊಳಕೆ ಎಂಬ ಎರಡನೇ, ಮೂರನೇ ಬೆಳೆಗಳಿಗಾಗಿ ಮಳೆ ಬಿಟ್ಟ ಮೇಲೆ ತೋಡಿಗೆ ಕಟ್ಟ (ತಾತ್ಕಾಲಿಕ ಒಡ್ಡು) ಹಾಕುತ್ತಿದ್ದರು, ಅದರ ನೀರು ಕರೆಯ ಬಾವಿಗಳಿಗೂ ಇಳಿಯುತ್ತಿತ್ತು. ಈಗ ಕಟ್ಟದ ಬದಲು ಕಿಂಡಿ ಅಣೆಕಟ್ಟುಗಳಿವೆ. ಕಂಬಗಳ ನಡುವೆ ಎರಡು ಸಾಲು ಹಲಗೆಗಳನ್ನು ಇಳಿಸಿ, ನಡುವಿನ ಸಂದಿಗೆ ಮಣ್ಣು ತುಂಬಿ ತುಳಿಯಬೇಕು. ಮಳೆಗಾಲಕ್ಕೆ ಮುಂಚೆ ಮತ್ತೆ ಎಬ್ಬಿಸಿ ಒಣಗಿಸಿಡಬೇಕು. ಹಲಗೆ ತಡವಾಗಿ ಬಿದ್ದರೆ ಹೊಳೆ ಬರಿದಾಗಿರುತ್ತದೆ, ಅಳಿವೆಯ ಹತ್ತಿರದಲ್ಲಾದರೆ ಉಪ್ಪುನೀರು ಒಳಗೆ ನುಗ್ಗಿರುತ್ತದೆ. ಕಾಂಕ್ರೀಟಿಗೆ ಸಿಗುವ ಅನುದಾನ ಹಲಗೆ ಹಾಕುವ ಕೈಗಳಿಗೆ ಸಿಗುವುದಿಲ್ಲವೆಂಬುದು ನನ್ನ ದೂರು. 2021ರಲ್ಲಿ ಉಡುಪಿಯಲ್ಲಿ ಹಡಿಲು (ಪಾಳು) ಬಿದ್ದ ಗದ್ದೆಗಳಲ್ಲಿ ಮತ್ತೆ ನೇಜಿ (ಭತ್ತದ ಸಸಿ) ನೆಟ್ಟ ಆಂದೋಲನ ನಡೆದದ್ದು ನಿಮಗೆ ನೆನಪಿರಬಹುದು. ಅಕ್ಕಿಯ ಲಾಭನಷ್ಟದ ಮಾತು ಆಗ ಬೇಕಾದಷ್ಟು ಆಯಿತು; ನೀರಿನ ಮಾತು ಇನ್ನಷ್ಟು ಆಗಬೇಕಿತ್ತು.

ಉತ್ತರ: ಕಡಲಕರೆ, ಮಲ್ಪೆ

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ನೀರಿನಷ್ಟು ಸುಲಭದ ಲೆಕ್ಕ ಎಲ್ಲದಕ್ಕೂ ಸಿಗದು. ರಂಪಣಿ ಬಲೆಯನ್ನು ಹಲವು ಹತ್ತು ಮಂದಿ ದಡದಲ್ಲಿ ನಿಂತು ಎಳೆದು, ಬಂದ ಬೂತಾಯಿ ಬಂಗುಡೆಯನ್ನು ಪಾಲು ಹಾಕಿಕೊಳ್ಳುತ್ತಿದ್ದರು. 1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದವು. ಮೀನಿನ ಗುಂಪನ್ನು ದಡಕ್ಕೆ ಬರುವ ಮುಂಚೆಯೇ ಸುತ್ತುವರಿಯತೊಡಗಿದವು. ಕೆಲವೇ ವರ್ಷಗಳಲ್ಲಿ ರಂಪಣಿಯ ಪಾಲಿನ ಪದ್ಧತಿ ಹಿಂದೆ ಸರಿಯಿತು. ಕಡಲು ಅದೇ, ಮೀನೂ ಅದೇ, ಆದರೆ ಬೋಟಿಗೆ ಬಂಡವಾಳ ಹೂಡಿದವರ ಮತ್ತು ಕೂಲಿಗೆ ಹತ್ತಿದವರ ಜೀವನಗಳು ಬೇರೆ ಬೇರೆ ದಾರಿ ಹಿಡಿದವು. ಈಗ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಅದು ಮೀನು ಮೊಟ್ಟೆಯಿಡುವ ಕಾಲವನ್ನು ಕಾಯುತ್ತದೆ, ಪಾಲಿನ ಪ್ರಶ್ನೆಯನ್ನು ಮುಟ್ಟುವುದಿಲ್ಲ. ನಿಮ್ಮ ಕೂಟಕ್ಕೆ ಬೋಟಿನ ಮಾಲೀಕರನ್ನು ಕರೆಯುವುದಾದರೆ, ಮೀನು ಒಣಗಿಸಿ ಮಾರುವ ಹೆಂಗಸರನ್ನೂ ಕರೆದು, ಮೊದಲು ಅವರಿಗೇ ಮಾತನಾಡಲು ಬಿಡಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ವಂದನೆಗಳು. ಮೊದಲ ಭಾನುವಾರ ನಮ್ಮ ತೋಡಿನ ಕಿಂಡಿ ಅಣೆಕಟ್ಟಿಗೆ ಸೀಮಿತವಾಗಿಯೇ ಮಾತನಾಡುತ್ತೇವೆ: ಹಲಗೆಗಳು ಯಾರ ವಶದಲ್ಲಿವೆ, ಯಾವ ತಿಂಗಳಲ್ಲಿ ಹಾಕುತ್ತಾರೆ, ಗದ್ದೆ ಮಾಡುವವರೇ ಇಲ್ಲವಾದರೆ 2050ರಲ್ಲಿ ಹಾಕುವವರು ಯಾರು. ಮೀನಿನ ವಿಷಯವನ್ನು ಮುಂದಿನ ವಾರಕ್ಕೆ ಇಟ್ಟುಕೊಂಡಿದ್ದೇವೆ. ಸ್ವರ್ಣಾ ಮತ್ತು ಸೀತಾ ನದಿಗಳ ನಡುವಿನ ಊರುಗಳಲ್ಲಿ ಮೇ ತಿಂಗಳ ಬಾವಿ ನೀರಿನ ಮಟ್ಟವನ್ನು ವರ್ಷವರ್ಷವೂ ಬರೆದಿಟ್ಟುಕೊಂಡವರು ಇಲ್ಲಿದ್ದರೆ ದಯವಿಟ್ಟು ಹಂಚಿಕೊಳ್ಳಿ. ಬಾವಿಯ ಆಳ ಮತ್ತು ಅದು ಬೈಲಿನಲ್ಲಿದೆಯೋ ಎತ್ತರದ ಬೆಟ್ಟಿನಲ್ಲಿದೆಯೋ ಎಂಬುದನ್ನೂ ತಿಳಿಸಿದರೆ ಹೋಲಿಸಿ ನೋಡಲು ಅನುಕೂಲ.